ಉಡಿಯಲ್ಲಿ ಬಿದ್ದ ಇನ್ನೂರು ಷೇರು

ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ನಾನು ಗಣಿತದ ಮಾಸ್ತರನಾಗಿದ್ದೆ. ಅದಕ್ಕೂ ಮೊದಲು ಸವದತ್ತಿ ತಾಲೂಕಿನಲ್ಲಿ ನಾಲ್ಕು ವರ್ಷ ಅದೇ ಕೆಲಸ ಮಾಡಿದ್ದೆ. ಎರಡೂ ಕಡೆ ನಾನು ಕಲಿಸಿದ ಬೀಜಗಣಿತವನ್ನು ಮಕ್ಕಳು ಮರೆತಿದ್ದಾರೆ, ಅದರ ಬಗ್ಗೆ ನನಗೆ ಬೇಸರವೇನಿಲ್ಲ. ನನಗೆ ಹೆಸರಿದ್ದದ್ದು ಬೇರೆ ವಿದ್ಯೆಯಲ್ಲಿ. ಜುಲೈ ತಿಂಗಳು ಬಂತೆಂದರೆ ಸ್ಟಾಫ್ ರೂಮಿನವರೆಲ್ಲ ನನ್ನ ಮೇಜಿನ ಸುತ್ತ ನೆರೆಯುತ್ತಿದ್ದರು. ಆದಾಯ ತೆರಿಗೆಯ ರಿಟರ್ನ್ ತುಂಬುವುದರಲ್ಲಿ ನನ್ನನ್ನು ಬಿಟ್ಟರಿಲ್ಲ ಎಂದು ಅವರು ನಂಬಿದ್ದರು. ಅವರಿಗಿಂತ ಹೆಚ್ಚಾಗಿ ನಾನು ನಂಬಿದ್ದೆ.

ಆ ಹೊತ್ತಿಗೆ ಸರಕಾರ ಒಂದೇ ಹಾಳೆಯ ಫಾರ್ಮು ತಂದು ಅದಕ್ಕೆ ‘ಸರಳ’ ಎಂದು ಹೆಸರಿಟ್ಟಿತ್ತು. ಸಂಬಳ ಬರೆದು, ಜೀವವಿಮೆ ಕಳೆದು, ಕೆಳಗೆ ಸಹಿ ಹಾಕಿದರೆ ಮುಗಿಯಿತು. ಮಾಸ್ತರರ ಮಟ್ಟಿಗೆ ಅದು ನಿಜವಾಗಿಯೂ ಸರಳವೇ. ನಮಗೆ ಕಠಿಣವಾದ ಆದಾಯ ಎಲ್ಲಿಂದ ಬರಬೇಕು? ಅಂಥದ್ದು ಬಂದದ್ದು ನಮ್ಮ ಮನೆಯಲ್ಲಿ ಒಂದು ಪೈಸೆಯೂ ಗಳಿಸದ ಒಬ್ಬಳಿಗೆ.

ಆಕೆ ನನ್ನ ಸೋದರತ್ತೆ, ಅಪ್ಪನ ಒಬ್ಬಳೇ ತಂಗಿ. ರಾಮದುರ್ಗ ತಾಲೂಕಿನ ಕಟಕೋಳಕ್ಕೆ ಕೊಟ್ಟಿದ್ದರು. ಆರು ವರ್ಷ ಕಳೆದರೂ ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಂದು ಮದುವೆ ಮಾಡಿಕೊಂಡ. ಅತ್ತೆ ಜಗಳವಾಡಲಿಲ್ಲ, ಪಂಚರನ್ನೂ ಕೂಡಿಸಲಿಲ್ಲ. ಒಂದು ಟ್ರಂಕು ಹಿಡಿದು ಬಸ್ಸು ಹತ್ತಿ ಬಂದಳು. “ನಾಕ ದಿನಾ ಇದ್ದು ಹೋಗತೇನಿ” ಎಂದಿದ್ದಳಂತೆ. ಆ ನಾಲ್ಕು ದಿನ ಮುಗಿಯಲು ಹತ್ತೊಂಬತ್ತು ವರ್ಷ ಹಿಡಿಯಿತು.

ಅಪ್ಪ ಹತ್ತಿ ವ್ಯಾಪಾರಿ, ಮನೆ ಸಣ್ಣದೇನಲ್ಲ. ಪಡಸಾಲೆ, ನಡುಮನೆ, ಮಾಳಿಗೆಯ ಮೇಲೆ ಎರಡು ಕೋಣೆ, ಹಿತ್ತಲಲ್ಲಿ ಹತ್ತಿ ಅಂಡಿಗೆ ಇಡುವುದಕ್ಕೆ ಇನ್ನೊಂದು. ಅಂಡಿಗೆಗಳ ಕೋಣೆಗೂ ಬಾಗಿಲಿತ್ತು, ಬಾಗಿಲಿಗೆ ಕೀಲಿ ಇತ್ತು. ಅತ್ತೆ ಮಲಗುತ್ತಿದ್ದದ್ದು ನಡುಮನೆಯಿಂದ ಅಡುಗೆಮನೆಗೆ ಹೋಗುವ ಹಾದಿಯಲ್ಲಿ. ನೀರು ಕುಡಿಯಲು ಹೋಗುವವರೆಲ್ಲ ಆಕೆಯನ್ನು ದಾಟಿಯೇ ಹೋಗಬೇಕು. ನಾನು ಎಷ್ಟು ಸಲ ದಾಟಿದ್ದೇನೋ ಲೆಕ್ಕವಿಲ್ಲ. ಇದರಲ್ಲಿ ತಪ್ಪೇನಾದರೂ ಇದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಆಕೆಯನ್ನು ನಾವು ಬಹಳ ಚೆನ್ನಾಗಿ ನೋಡಿಕೊಳ್ಳುತ್ತೇವೆ ಎಂದು ಓಣಿಯವರೆಲ್ಲ ಹೇಳುತ್ತಿದ್ದರು, ನಾವೂ ಒಪ್ಪಿಕೊಂಡಿದ್ದೆವು.

ತೊಂಬತ್ತರ ದಶಕದ ಶುರುವಿನಲ್ಲಿ ನಮ್ಮೂರಿನ ಏಳೆಂಟು ಹತ್ತಿ ವ್ಯಾಪಾರಸ್ಥರು ಸೇರಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಯೊಂದನ್ನು ಕಟ್ಟಿದರು. ಅದಕ್ಕೊಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿದರು. ನಮ್ಮ ಕಡೆ ಷೇರು ಅಂದರೆ ಸಕ್ಕರೆ. ಎಂ.ಕೆ. ಹುಬ್ಬಳ್ಳಿಯ ಕಡೆ ಕಬ್ಬು ಬೆಳೆಯುವವರು ಸಹಕಾರಿ ಕಾರ್ಖಾನೆಯ ಷೇರು ಇಟ್ಟುಕೊಂಡು ವರ್ಷಕ್ಕೊಮ್ಮೆ ಕಡಿಮೆ ದರದಲ್ಲಿ ಸಕ್ಕರೆ ತರುತ್ತಿದ್ದರು. ಇದು ಅಂಥದ್ದಲ್ಲ. ಇದನ್ನು ಯಾರಿಗೆಂದರೆ ಅವರಿಗೆ ಮಾರುವಂತಿಲ್ಲ, ಪೇಪರಿನಲ್ಲಿ ಇದರ ದರವೂ ಬರುವುದಿಲ್ಲ. ದೀಪಾವಳಿಗೆ ಪ್ರತಿಯೊಬ್ಬ ಷೇರುದಾರನ ಮನೆಗೆ ಒಂದೊಂದು ಗಾದಿಗಾಗುವಷ್ಟು ಅರಳೆ ಕಳಿಸುತ್ತಿದ್ದರು. ಲಾಭ ಅಂತ ನಾವು ಕಂಡದ್ದು ಅಷ್ಟೇ.

ಅಪ್ಪ ನೂರು ರೂಪಾಯಿಯ ಇನ್ನೂರು ಷೇರು ತೆಗೆದುಕೊಳ್ಳುವವನಿದ್ದ. ಕಿತ್ತೂರಿನ ನಮ್ಮ ಟ್ಯಾಕ್ಸ್ ವಕೀಲರು ತಡೆದರು. ಅವರಿಗೊಂದು ಚಟವಿತ್ತು, ಏನು ಹೇಳಿದರೂ ಕೊನೆಗೆ ‘ಅಂತ ತಿಳಕೋರಿ’ ಎಂದು ಸೇರಿಸುವುದು.

“ನಿಮ್ಮ ಹೆಸರಿಲೆ ತಗೊಂಡ್ರ ನಾಳೆ ಟ್ಯಾಕ್ಸು ನಿಮಗ ಬೀಳತೈತಿ. ಹೆಂಡತಿ ಹೆಸರಿಲೆ ತಗೊಂಡ್ರ ಹೊಳ್ಳಿ ನಿಮ್ಮ ತಲಿ ಮ್ಯಾಲನ ಬರತೈತಿ. ತಂಗಿ ಹೆಸರಿಗೆ ಆ ಕಾಟ ಇಲ್ಲ. ರೊಕ್ಕಾ ನಿಮ್ಮದ, ಷೇರೂ ನಿಮ್ಮವ. ಹೆಸರಷ್ಟ ತಂಗೆವ್ವಂದು ಅಂತ ತಿಳಕೋರಿ.”

ಅಪ್ಪ ಹಾಗೆಯೇ ತಿಳಿದುಕೊಂಡ. ಅತ್ತೆ ಕೈಗೆ ಹತ್ತಿದ ಜೋಳದ ಹಿಟ್ಟು ಒರೆಸಿಕೊಂಡು ಬಂದು, ತೋರಿಸಿದ ಕಡೆಯೆಲ್ಲ ದುಂಡಗೆ ಸಹಿ ಹಾಕಿ ಒಲೆಯ ಮುಂದೆ ಹೋಗಿ ಕುಳಿತಳು. ಏನು, ಎತ್ತ ಎಂದು ಕೇಳಲಿಲ್ಲ. ಆಕೆಯ ಹೆಸರಿಗೆ ಬಂದ ಅರಳೆಯಿಂದ ಮಾಳಿಗೆ ಮೇಲಿನ ನಮ್ಮ ಕೋಣೆಗೆ ಒಳ್ಳೇ ಗಾದಿಗಳಾದವು.

ಹತ್ತು ವರ್ಷ ಹೋಯಿತು. ಫ್ಯಾಕ್ಟರಿ ಕುಂಟುತ್ತ ನಡೆದು ನಿಂತಿತು, ಆದರೆ ಅದು ನಿಂತ ಜಾಗಕ್ಕೆ ಊರು ಬೆಳೆದು ಬಂತು. ಹೊರಗಿನ ವ್ಯಾಪಾರಿಯೊಬ್ಬ ಎಲ್ಲರ ಷೇರುಗಳನ್ನೂ ಒಟ್ಟಿಗೆ ಕೊಂಡ. ಒಂದಕ್ಕೆ ಎರಡು ಸಾವಿರದ ನಾನೂರರಂತೆ ಇನ್ನೂರು ಷೇರಿಗೆ ನಾಲ್ಕು ಲಕ್ಷ ಎಂಬತ್ತು ಸಾವಿರ. ಅಪ್ಪ ಅವತ್ತು ಪೇಢೆ ಹಂಚಿದ. ಮರುದಿನ ಚೆಕ್ಕು ಬಂತು, ಅದರ ಮೇಲೆ ಅತ್ತೆಯ ಹೆಸರಿತ್ತು. ಹಾಗಾಗಿ ಆಕೆಗೊಂದು ಬ್ಯಾಂಕ್ ಖಾತೆ ಬೇಕಾಯಿತು, ಪ್ಯಾನ್ ಕಾರ್ಡು ಬೇಕಾಯಿತು, ಎರಡಕ್ಕೂ ಫೋಟೋ ಬೇಕಾಯಿತು. ಸ್ಟುಡಿಯೋದವನು “ಅವ್ವಾರ, ಸ್ವಲ್ಪ ನಗ್ರಿ” ಎಂದಾಗ ಆಕೆ ಅಪ್ಪನ ಕಡೆ ನೋಡಿದಳು. ಫೋಟೋ ಹಾಗೆಯೇ ಬಂತು, ಯಾರನ್ನೋ ಅನುಮತಿ ಕೇಳುವ ಮುಖ. ಪಾಸ್‌ಬುಕ್ಕು ಅಪ್ಪನ ತಿಜೋರಿಗೆ ಹೋಯಿತು.

ಆ ಸಂಜೆ ಆಕೆ ನನಗೆ ಚಹಾ ತಂದುಕೊಟ್ಟು ಅಲ್ಲೇ ನಿಂತಳು.

“ಅದರಾಗ ನಂದೇನರ ಐತೇನೋ ಮಾಸ್ತರ?”

ನಾನು ನಕ್ಕೆ. “ಹೆಸರು ನಿಂದ ಐತೆಲ್ಲ ಅತ್ತಿ, ಇನ್ನೇನ ಬೇಕು?”

ಆಕೆಯೂ ನಕ್ಕಳು. “ಒಂದ ಬಾಗಲಾ ಇರೂ ಖೋಲಿ ಸಿಕ್ಕಿದ್ರ ಸಾಕಾಗಿತ್ತು. ಒಳಗಿಂದ ಚಿಲಕಾ ಹಾಕ್ಕೊಂಡು ಮಕ್ಕೊಂಡಿರತಿದ್ದೆ.” ಇಷ್ಟು ಹೇಳಿ ರೊಟ್ಟಿ ಬಡಿಯಲು ಹೋದಳು. ಆ ಮಾತು ನನಗೆ ನಾಟಬೇಕಿತ್ತು. ನಾಟಲಿಲ್ಲ. ನನ್ನ ಜಾಣತನದ ಉತ್ತರವನ್ನು ಹೆಂಡತಿಗೆ ಹೇಳಿ ಇನ್ನೊಮ್ಮೆ ನಕ್ಕೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ವಕೀಲರೂ ನಾನೂ ಕುಳಿತು ತೆರಿಗೆಯ ಲೆಕ್ಕ ಹಾಕಿದೆವು. ಇಪ್ಪತ್ತು ಸಾವಿರಕ್ಕೆ ಕೊಂಡದ್ದನ್ನು ಹಾಗೆಯೇ ಕಳೆಯುವಂತಿಲ್ಲ. ಹತ್ತು ವರ್ಷದಲ್ಲಿ ರೂಪಾಯಿ ಎಷ್ಟು ಸೊರಗಿದೆ ಎಂಬುದಕ್ಕೆ ಸರಕಾರವೇ ಒಂದು ಪಟ್ಟಿ ಹೊರಡಿಸುತ್ತದೆ. ಅದರ ಪ್ರಕಾರ ಕೊಂಡ ಬೆಲೆ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಹಾಗೆ ಮಾಡಿಯೂ ಕಟ್ಟಬೇಕಾದ ತೆರಿಗೆ ಎಂಬತ್ತು ಸಾವಿರದ ಹತ್ತಿರ ಬಂತು. ಅಪ್ಪನ ಮುಖ ಸಪ್ಪಗಾಯಿತು. ಎಂಬತ್ತು ಸಾವಿರ ಹೋಗುವುದಕ್ಕಿಂತ ಅದು ಸರಕಾರಕ್ಕೆ ಹೋಗುವುದು ಅವನಿಗೆ ಹೆಚ್ಚು ಸಂಕಟ.

“ಇದಕ್ಕ ಒಂದ ದಾರಿ ಐತ್ರಿ,” ಎಂದರು ವಕೀಲರು. “ಬಂದ ರೊಕ್ಕಾ ಎಲ್ಲಾ ಹಾಕಿ ಒಂದ ಮನಿ ತಗೊಂಡ್ರ ಒಂದ ಪೈಸಾ ಟ್ಯಾಕ್ಸ್ ಇಲ್ಲ.”

“ಯಾರ ಹೆಸರಿಲೆ ತಗೋಬೇಕ್ರಿ?”

“ಷೇರು ಯಾರ ಹೆಸರಿಲೆ ಇದ್ವು ಅವರ ಹೆಸರಿಲೆ. ಮನಿ ನಿಮ್ಮದ ಅಂತ ತಿಳಕೋರಿ.”

ಸರಕಾರಕ್ಕೆ ಎಂಬತ್ತು ಸಾವಿರವೋ, ಕಾಗದದ ಮೇಲೆ ತಂಗಿಯ ಹೆಸರೋ? ಅಪ್ಪನಿಗೆ ಯೋಚಿಸಲು ಒಂದು ಎಲೆ ಅಡಿಕೆಯಷ್ಟು ಹೊತ್ತು ಸಾಕಾಯಿತು. ನಮ್ಮದೇ ಓಣಿಯಲ್ಲಿ, ನಾಲ್ಕು ಮನೆ ಆಚೆ, ಒಂದು ಸಣ್ಣ ಮನೆ ಮಾರಾಟಕ್ಕಿತ್ತು. ಮುಂದೊಂದು ಕೋಣೆ, ನಡುವೆ ಒಂದು, ಅಡುಗೆಮನೆ, ಹಿತ್ತಲಲ್ಲಿ ನುಗ್ಗೆಗಿಡ. ರಿಜಿಸ್ಟ್ರಾರ್ ಆಫೀಸಿನಲ್ಲಿ ಅತ್ತೆ ಮತ್ತೆ ದುಂಡಗೆ ಸಹಿ ಹಾಕಿದಳು. ಕೀಲಿಕೈ ಅಪ್ಪನ ಉಡುದಾರ ಸೇರಿತು.

ಆ ಮನೆ ಯಾರಿಗೆ ಎಂಬುದು ಮನೆಯಲ್ಲಿ ಮಾತಿಲ್ಲದೆ ತೀರ್ಮಾನವಾಗಿತ್ತು. ನನಗೆ. ಮುಂದಿನ ಕೋಣೆಯಲ್ಲಿ ನಾನು ಟ್ಯೂಷನ್ ನಡೆಸುವುದು, ಬರಬರುತ್ತ ಹೆಂಡತಿ ಮಕ್ಕಳನ್ನು ಕರೆದುಕೊಂಡು ಅಲ್ಲೇ ಇರುವುದು. ಮೊದಲ ವಾರವೇ ಗೋಡೆಗೆ ಕರಿಹಲಗೆ ಹೊಡೆಸಿದೆ. ಮೊಳೆ ಹೊಡೆಯುವಾಗ ಒಡತಿಯನ್ನು ಕೇಳಬೇಕೆಂದು ಹೊಳೆಯಲೇ ಇಲ್ಲ.

ಜುಲೈನಲ್ಲಿ ಅತ್ತೆಯ ರಿಟರ್ನ್ ತುಂಬಿದವನೂ ನಾನೇ. ಅಂಥ ಜಂಬದ ಕೆಲಸವನ್ನು ನಾನು ವಕೀಲರಿಗೆ ಬಿಡುವವನಲ್ಲ. ‘ಸರಳ’ದ ಒಂದು ಹಾಳೆ ಸಾಲದೆ ಹಿಂದೆ ನಾಲ್ಕು ಹಾಳೆ ಹೊಲಿದೆ. ಷೇರು ಮಾರಿದ ಲೆಕ್ಕ ಒಂದು, ಕೊಂಡ ಲೆಕ್ಕ ಒಂದು, ಮನೆಯ ಖರೀದಿ ಪತ್ರದ ನಕಲು ಎರಡು. ಮೇಲ್ಗಡೆ ತಂದೆಯ ಅಥವಾ ಗಂಡನ ಹೆಸರಿಗೆಂದು ಒಂದು ಗೆರೆ ಇತ್ತು. ಅಲ್ಲಿ ಪೆನ್ನು ನಿಂತಿತು.

“ಗಂಡನ ಹೆಸರ ಬರೀಬೇಕಂತ ಅತ್ತಿ.”

“ಬರಿ. ಅದೂ ಹೆಸರಿಗಷ್ಟ ಅಲ್ಲೇನು?” ಎಂದಳು. ಆಕೆ ಮೆಣಸಿನಕಾಯಿ ತೊಟ್ಟು ತೆಗೆಯುತ್ತಿದ್ದಳು, ತಲೆ ಎತ್ತಲಿಲ್ಲ. ಕಟಕೋಳದವನ ಹೆಸರು ಬರೆದೆ.

ಮುಂದಿನ ವರ್ಷ ಬೆಳಗಾವಿಯ ಆಫೀಸಿನಿಂದ ನೋಟೀಸು ಬಂತು. ಹತ್ತು ವರ್ಷದ ಹಿಂದೆ ಷೇರು ಕೊಳ್ಳಲು ಇಪ್ಪತ್ತು ಸಾವಿರ ಎಲ್ಲಿಂದ ಬಂತು, ವಿವರಣೆ ಕೊಡಿ, ಖುದ್ದಾಗಿ ಹಾಜರಾಗಿ ಎಂದು. ಅಪ್ಪ ಕುಡಿಯುತ್ತಿದ್ದ ಮಜ್ಜಿಗೆ ಕೆಳಗಿಟ್ಟ. ತಾನೇ ಕೊಟ್ಟದ್ದು, ಷೇರು ತನ್ನವೇ ಎಂದರೆ ಬೇನಾಮಿ. ಆಕೆಯದೇ ಎಂದರೆ, ಉದ್ಯೋಗವಿಲ್ಲದ ಹೆಂಗಸಿಗೆ ಇಪ್ಪತ್ತು ಸಾವಿರ ಎಲ್ಲಿಯದು? ವಕೀಲರು ಎರಡು ದಿನ ತಲೆ ಕೆರೆದರು. ಉತ್ತರ ಹೊಳೆದದ್ದು ನನಗೆ.

“ಉಡಿ ತುಂಬಿದ್ದು ಅಂತ ಬರದ್ರ?” ಎಂದೆ.

ವಕೀಲರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಮಾಸ್ತರ, ನೀವು ವಕೀಲ ಆಗಬೇಕಾಗಿತ್ತು. ಉಡಿಗೆ ಯಾವ ಆಫೀಸರೂ ಪಾವತಿ ಚೀಟಿ ಕೇಳೂದಿಲ್ಲ.”

ನಾನು ಉಬ್ಬಿಹೋದೆ. ಒಳ್ಳೇ ಅಕ್ಷರದಲ್ಲಿ ಬರೆದೆ: ‘ಸದರಿ ಹಣವು ತವರು ಮನೆಯವರು ಪ್ರೀತಿ ವಿಶ್ವಾಸದಿಂದ ಉಡಿ ತುಂಬಿದ ಕಾಲಕ್ಕೆ ಕೊಟ್ಟದ್ದಾಗಿರುತ್ತದೆ.’ ಬರೆದು ಮುಗಿಸಿದ ಮೇಲೆ ಒಂದು ಸಂಗತಿ ಚುಚ್ಚಿತು. ಉಡಿ ತುಂಬುವುದು ತವರಿನಿಂದ ಹೊರಟು ನಿಂತವರಿಗೆ. ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಖಣ ಸೆರಗಿಗೆ ಹಾಕಿ ಕಳಿಸುವುದು. ಅತ್ತೆ ಇಲ್ಲಿಂದ ಎಲ್ಲಿಗೂ ಹೊರಟವಳಲ್ಲ. ಆಕೆ ಬಂದಂದಿನಿಂದ ನಮ್ಮ ಮನೆಯಲ್ಲಿ ಯಾರೂ ಆಕೆಯ ಉಡಿಯಲ್ಲಿ ಒಂದು ಹಿಡಿ ಅಕ್ಕಿ ಕೂಡ ಹಾಕಿರಲಿಲ್ಲ. ಚುಚ್ಚಿದ್ದನ್ನು ಅಲ್ಲಿಗೇ ಬಿಟ್ಟು ಲಕೋಟೆಗೆ ಅಂಟು ಹಚ್ಚಿದೆ.

ಖುದ್ದಾಗಿ ಹಾಜರಾಗುವುದೊಂದು ಉಳಿದಿತ್ತು. ಅತ್ತೆ ಸಾಹೇಬರ ಮುಂದೆ ಏನಾದರೂ ಎಡವಟ್ಟು ಮಾತಾಡಿದರೆ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅದಕ್ಕೆ ಅಪ್ಪ ಹದಿನೈದು ದಿನ ಮೊದಲೇ ಪಾಠ ಶುರು ಮಾಡಿದ. ದಿನಾ ಊಟಕ್ಕೆ ಮುಂಚೆ ಪಡಸಾಲೆಯಲ್ಲಿ ಕುರ್ಚಿ ಹಾಕಿ ನನ್ನನ್ನು ಸಾಹೇಬನನ್ನಾಗಿ ಕೂರಿಸುತ್ತಿದ್ದ. ಅತ್ತೆ ಎದುರಿಗೆ ಸೆರಗು ಹೊದ್ದು ನಿಲ್ಲುತ್ತಿದ್ದಳು.

“ಷೇರು ಯಾರವು?” ಎಂದು ನಾನು ಕೇಳಿದೆ.

“ನಮ್ಮಣ್ಣನವು,” ಎಂದಳು ಅತ್ತೆ.

ಅಪ್ಪ ಹಣೆ ಹಣೆ ಬಡಿದುಕೊಂಡ. “ಹಂಗಂದ್ರ ಎಲ್ಲಾರೂ ಕೂಡಿ ಜೇಲಿಗೆ ಹೋಗೂದ. ನನ್ನವು ಅನ್ನು.”

“ನನ್ನವು.”

“ಮನಿ ಯಾರದು?”

“ಮನಿ ನಿಮ್ಮದು.”

“ನಂದು ಅನ್ನವಾ, ತಂಗೆವ್ವಾ. ನಂದು. ಜೋರಾಗಿ ಅನ್ನು.”

“ನಂದು,” ಎಂದಳು. ಆ ಮಾತು ಗಂಟಲಿನಿಂದ ಹೊರಗೆ ಬರುವಷ್ಟರಲ್ಲಿ ಅರ್ಧ ಆಗಿತ್ತು. ಬಾಯಿಗೆ ಹತ್ತದ ಪದ ಅದು. ‘ನಂದು’ ಎಂದು ಹೇಳುವ ಪ್ರಸಂಗವೇ ಆಕೆಗೆ ಬಂದಿರಲಿಲ್ಲವಲ್ಲ.

“ಬಾಯಿಲೆ ಅಂದ್ರ ಆಗೂದಿಲ್ಲ,” ಎಂದು ಅಪ್ಪ ಸಿಡುಕಿದ. “ಸಾಹೇಬ ಮಾರಿ ನೋಡತಾನ. ನಿಂದ ಅಂತ ಮನಸಿನ್ಯಾಗ ಬರಬೇಕು. ಆವಾಗ ಮಾರಿ ಮ್ಯಾಲ ಬರತೈತಿ.”

ಒಳಗಿನಿಂದ ಅವ್ವ, “ಇಷ್ಟ ಕಲಿಸಿದ್ರ ಗಿಳೀನೂ ಮಾತಾಡತಿತ್ತು, ಊಟಕ್ಕ ಏಳ್ರಿ” ಎಂದು ಕೂಗಿದಳು. ಅಪ್ಪ ಬಿಡಲಿಲ್ಲ. ಮರುದಿನ ಮತ್ತೆ, ಅದರ ಮರುದಿನ ಮತ್ತೆ. ಒಂದು ದಿನ ಆಕೆಯನ್ನು ಆ ಮನೆಗೇ ಕರೆದುಕೊಂಡು ಹೋಗಿ, ಕೋಣೆ ಎಷ್ಟು, ಕಿಟಕಿ ಎಷ್ಟು, ನಳ ಎಲ್ಲಿದೆ ಎಲ್ಲ ತೋರಿಸಿ ಬಂದ. ಸಾಹೇಬ ಕೇಳಿದರೆ ತಡವರಿಸಬಾರದಲ್ಲ? ಅತ್ತೆ ನುಗ್ಗೆಗಿಡದ ಬುಡ ಮುಟ್ಟಿ ನೋಡಿ, “ಇದಕ್ಕ ನೀರ ಕಡಿಮಿ ಆಗೈತಿ” ಎಂದಳು.

ಹತ್ತನೇ ದಿನವೋ ಹನ್ನೊಂದನೇ ದಿನವೋ, “ಮನಿ ಯಾರದು?” ಎಂದು ನಾನು ಕೇಳಿದೆ. “ನಂದು” ಎಂದಳು. ಅವತ್ತು ಅಪ್ಪನ ಕಡೆ ನೋಡಲಿಲ್ಲ. ಉರು ಹೊಡೆದ ಹುಡುಗನ ಉತ್ತರವೂ ಅರ್ಥವಾದ ಹುಡುಗನ ಉತ್ತರವೂ ಒಂದೇ ಇರಬಹುದು, ಆದರೆ ಮಾಸ್ತರನಾದವನಿಗೆ ಕಿವಿಯಲ್ಲೇ ಗೊತ್ತಾಗುತ್ತದೆ. ನನಗೆ ಗೊತ್ತಾಯಿತು. ಮಾಸ್ತರನಾಗಿ ಸಂತೋಷಪಟ್ಟೆ. ಆ ಮನೆಯ ಗೋಡೆಗೆ ಕರಿಹಲಗೆ ಹೊಡೆಸಿದವನಾಗಿ ಆಗಲೇ ಹೆದರಬೇಕಿತ್ತು. ಅಪ್ಪನಂತೂ ತಂಗಿಯ ಬೆನ್ನು ತಟ್ಟಿ, “ಭೇಷ್, ಹಿಂಗ ಅನಬೇಕು” ಎಂದ.

ಬೆಳಗಾವಿಯ ಸಾಹೇಬರು ಮೈಸೂರು ಕಡೆಯವರು, ಸೌಮ್ಯ ಮನುಷ್ಯ. ನಮ್ಮ ನಾಲ್ವರನ್ನೂ ಕೂರಿಸಿ ನನ್ನ ಪತ್ರವನ್ನು ಎರಡು ಸಲ ಓದಿದರು.

“ಉಡಿ ತುಂಬೋದು ಅಂದ್ರೆ ಏನಮ್ಮಾ? ನಮ್ಮ ಕಡೆ ಮಡಿಲು ತುಂಬೋದು ಅಂತಾರೆ, ಅದೇನಾ?”

“ಅದರಿ. ತವರ ಮನಿಯವರು ಸೆರಗಿನ್ಯಾಗ ಹಾಕಿ ಕೊಡತಾರಲ್ರಿ, ಅದು.”

“ಇಪ್ಪತ್ತು ಸಾವಿರ ಹಾಕಿದ್ರಾ?”

“ಹಾಕಿದ್ರಿ. ಇಲ್ಲೇ ಕುಂತಾನ ನೋಡ್ರಿ ನಮ್ಮಣ್ಣ.”

“ಷೇರು, ಮನೆ ಎ‌ಲ್ಲಾ ನಿಮ್ಮದೇನಾ?”

“ನಂದರಿ.” ಒಂದು ತೊದಲಿಲ್ಲ, ಒಂದು ತಡವರಿಕೆ ಇಲ್ಲ. ಅಪ್ಪ ಹೆಮ್ಮೆಯಿಂದ ನನ್ನ ತೊಡೆ ಚಿವುಟಿದ.

ಸಾಹೇಬರು ಫೈಲು ಮುಚ್ಚುವವರಿದ್ದರು. ಏನೋ ನೆನಪಾದಂತೆ ಮತ್ತೆ ಕೇಳಿದರು. “ಅಣ್ಣ ಕೊಟ್ಟಿದ್ದು ಸಾಲ ಅಲ್ಲ ತಾನೆ? ಮುಂದೆ ಯಾವತ್ತಾದ್ರೂ ವಾಪಸ್ ಕೇಳ್ತಾರಾ?”

ವಕೀಲರು ಕೆಮ್ಮಿದರು. ಈ ಪ್ರಶ್ನೆ ನಮ್ಮ ಪಾಠದಲ್ಲಿ ಇರಲಿಲ್ಲ.

ಅತ್ತೆ ಸೆರಗು ಸರಿ ಮಾಡಿಕೊಂಡಳು. “ಉಡಿಯಾಗ ಹಾಕಿದ್ದು ಯಾರರ ಹೊಳ್ಳಿ ಕೇಳತಾರೇನ್ರಿ ಸಾಹೇಬ್ರ? ಕೇಳಿದ ಮನಿಗೆ ಒಳ್ಳೇದಾಗತೈತೇನು? ಬೇಕಾದ್ರ ನಮ್ಮಣ್ಣನ್ನ ಕೇಳ್ರಿ.”

ಸಾಹೇಬರು ಅಪ್ಪನ ಕಡೆ ತಿರುಗಿದರು. “ಹೌದೇನ್ರೀ ಯಜಮಾನ್ರೇ?”

ಅಪ್ಪ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದ, ವಕೀಲರನ್ನು ನೋಡಿದ. ವಕೀಲರು ತಮ್ಮ ಚೀಲದೊಳಗೆ ಏನನ್ನೋ ಹುಡುಕುತ್ತಿದ್ದರು.

“ಕೇಳೂದಿಲ್ರಿ,” ಎಂದ ಅಪ್ಪ. “ಎಲ್ಲಾ ಆಕೀದರಿ.”

ಗುಮಾಸ್ತ ಅದನ್ನು ಹಾಗೆಯೇ ಬರೆದುಕೊಂಡ. ಅಪ್ಪ ಅದರ ಕೆಳಗೆ ಸಹಿ ಮಾಡಿದ. ಅವತ್ತು ಅತ್ತೆ ಸಹಿ ಹಾಕಲಿಲ್ಲ, ಅಣ್ಣ ಸಹಿ ಹಾಕುವುದನ್ನು ನೋಡಿದಳು.

ಬರುವಾಗ ಎಂ.ಕೆ. ಹುಬ್ಬಳ್ಳಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ಬಸ್ಸು ನಿಂತಿತು. ಕೆಲಸ ಗೆದ್ದ ಖುಷಿಯಲ್ಲಿ ಅಪ್ಪ ಎಲ್ಲರಿಗೂ ಬಾಳೆಹಣ್ಣು ಕೊಡಿಸಿದ್ದ. ಅತ್ತೆ ಕಿಟಕಿಯ ಪಕ್ಕ ಕುಳಿತು ಸಿಪ್ಪೆ ಸುಲಿಯುತ್ತ ಕೇಳಿದಳು.

“ಅಣ್ಣಾ, ಕೀಲಿಕೈ ಎಲ್ಲೈತಿ?”

“ಯಾವ ಕೀಲಿಕೈ?”

“ನನ್ನ ಮನೀದು.”

ಅಪ್ಪ ನಕ್ಕ. “ಪಾಠ ಮುಗೀತವಾ. ಇನ್ನ ಸಾಕು.”

“ಮುಗೀತಲ್ಲ, ಅದಕ್ಕ ಕೇಳೇನಿ.”

“ಅದು ಸಾಹೇಬನ ಮುಂದ ಆಡೂ ಮಾತು.”

“ನೀನೂ ಸಾಹೇಬನ ಮುಂದನ ಅಂದಿ. ಸುಳ್ಳ ಅಂದೇನು?”

ಅಪ್ಪ ಮುಂದಿನ ಸೀಟಿನಲ್ಲಿದ್ದ ವಕೀಲರ ಹೆಗಲು ಮುಟ್ಟಿದ. ಅವರು ಎಲ್ಲ ಕೇಳಿಸಿಕೊಂಡಿದ್ದರು. “ಈಗ ಅದನ್ನ ಅಲ್ಲ ಅನ್ನಾಕ ಹೋದ್ರ ಟ್ಯಾಕ್ಸೂ ಬಂತು, ದಂಡಾನೂ ಬಂತು, ಮ್ಯಾಲ ಬೇನಾಮಿ ಅಂತ ಇನ್ನೊಂದ ಕೇಸು. ಮನಿ ತಂಗೆವ್ವಂದ ಅಂತ ತಿಳಕೋರಿ.”

“ಎಷ್ಟ ದಿನಾ ತಿಳಕೋಬೇಕ್ರಿ?”

“ಆಕಿ ಇರೂತನಕ ತಿಳಕೋರಿ,” ಎಂದು ವಕೀಲರು ಕಿತ್ತೂರಿನಲ್ಲಿ ಇಳಿದುಹೋದರು.

ನನಗೆ ಹೊಟ್ಟೆ ಉರಿಯಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಮನಸ್ಸಿನಲ್ಲಿ ಅತ್ತೆಯನ್ನು ಬೈದುಕೊಂಡೆ. ‘ಉಡಿ’ ಎಂದು ಬರೆದವನು ನಾನು, ‘ನಂದು’ ಎಂದು ಹೇಳಿಸಿದವನು ಅಪ್ಪ. ನಾವಿಬ್ಬರೂ ಕೂಡಿ ತೋಡಿದ ಬಾವಿಗೆ ನಾವೇ ಬಿದ್ದಿದ್ದೆವು. ಅತ್ತೆ ಇದನ್ನೆಲ್ಲ ಮೊದಲೇ ಯೋಚಿಸಿದ್ದಳೋ, ಹದಿನೈದು ದಿನ ಹೇಳಿ ಹೇಳಿ ಆ ಮಾತು ಆಕೆಯಲ್ಲಿ ಬೇರು ಬಿಟ್ಟಿತೋ, ನಾನು ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಮೂರು ದಿನ ಕೀಲಿಕೈ ಅಪ್ಪನ ಉಡುದಾರದಲ್ಲೇ ಇತ್ತು. ನಾಲ್ಕನೆಯ ದಿನ ಬೆಳಿಗ್ಗೆ ಕೀಲಿಕೈ ಅಡುಗೆಮನೆಯ ಜೋಳದ ಡಬ್ಬಿಯ ಮೇಲಿತ್ತು. ಅತ್ತೆ ಅವತ್ತಿನ ರೊಟ್ಟಿ ಎಲ್ಲ ಬಡಿದು ಮುಗಿಸಿ, ಒಲೆ ಸಾರಿಸಿ, ಟ್ರಂಕು ಹಿಡಿದು ಹೋದಳು. ಅವ್ವ ಎರಡು ಪಾತ್ರೆ, ರೊಟ್ಟಿ ಬೇಯಿಸುವ ಒಂದು ಹಂಚು, ನಮ್ಮ ಕೋಣೆಯ ಒಂದು ಗಾದಿ ಹೊರಿಸಿ ಕಳಿಸಿದಳು. ಆಮೇಲೆ ಖಾಲಿ ಅಡುಗೆಮನೆಯಲ್ಲಿ ಕುಳಿತು, ಇಷ್ಟು ದಿನಕ್ಕೆ ಒಲೆ ತನ್ನೊಬ್ಬಳದಾಯಿತೆಂದು ಸಂತೋಷವೋ ದುಃಖವೋ ತಿಳಿಯದೆ ಅತ್ತಳು.

ನಾನು ಕರಿಹಲಗೆ ಕೀಳಲು ಹೋದೆ. ಅತ್ತೆ ನುಗ್ಗೆಗಿಡಕ್ಕೆ ನೀರು ಹಾಕುತ್ತಿದ್ದಳು.

“ಇರಲಿ ಬಿಡೋ. ಟೂಷನ್ ನಡಸು. ತಿಂಗಳಾ ಮುನ್ನೂರ ಭಾಡಿಗಿ ಕೊಡು.”

“ನನ್ನ ಕಡೆ ಭಾಡಿಗಿ ತಗೋತಿ ಅತ್ತಿ?”

“ರಿಟರ್ನಿನ್ಯಾಗ ಬರಿಯಾಕ ಏನರ ಬೇಕಲ್ಲೋ ಮಾಸ್ತರ,” ಎಂದಳು. ಮುಂದಿನ ಜುಲೈನಲ್ಲಿ ನಾನು ಕೊಟ್ಟ ಬಾಡಿಗೆಯನ್ನು ನಾನೇ ಆಕೆಯ ಆದಾಯವೆಂದು ಬರೆದೆ.

ಅಪ್ಪ ಮಾತ್ರ ಆಕೆಯ ಜೊತೆ ಮಾತು ಬಿಟ್ಟ. ಪೇಟೆಗೆ ಹೋಗಲು ಆಕೆಯ ಬಾಗಿಲ ಮುಂದಿನ ಹಾದಿ ಹತ್ತಿರ, ಅವನು ಹಿಂದಿನ ಓಣಿ ಸುತ್ತಿ ಹೋಗತೊಡಗಿದ. “ತಂಗಿ ಹೊರಗ ಹಾಕಿದ್ಲು” ಎಂದು ಒಬ್ಬಿಬ್ಬರ ಮುಂದೆ ಹೇಳಿದನಂತೆ. ಯಾರು ಯಾರನ್ನು ಎಲ್ಲಿಂದ ಹೊರಗೆ ಹಾಕಿದರು ಎಂಬುದನ್ನು ಅವನೇ ಬಲ್ಲ. ನಾಲ್ಕು ಮನೆಗಳ ಅಂತರದಲ್ಲಿ ನಾಲ್ಕು ತಿಂಗಳು ಕಳೆಯಿತು.

ಶ್ರಾವಣ ಬಂತು. ನಾಗರ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆತರಲು ಅಣ್ಣ ತಮ್ಮಂದಿರು ಹೋಗುವುದು ನಮ್ಮ ಕಡೆಯ ರೂಢಿ. ಓಣಿಯ ಮನೆಮನೆಗೂ ಹೆಣ್ಣುಮಕ್ಕಳು ಬರುತ್ತಿದ್ದರು. ಅತ್ತೆಯನ್ನು ಕರೆಯಲು ಇಷ್ಟು ವರ್ಷ ಯಾರೂ ಹೋಗಿರಲಿಲ್ಲ. ಮನೆಯಲ್ಲೇ ಇದ್ದವಳನ್ನು ಕರೆಯುವುದು ಎಲ್ಲಿಗೆ? ಬೇರೆಯವರ ಮನೆಗೆ ಬಂದ ಹೆಣ್ಣುಮಕ್ಕಳಿಗೆಂದು ಆಕೆ ಉಂಡಿ ಕಟ್ಟಿ ಕಳಿಸುತ್ತಿದ್ದಳು, ಅಷ್ಟೇ.

ಹಬ್ಬಕ್ಕೆ ಎರಡು ದಿನವಿರುವಾಗ, ಸಂಜೆ, ನಾನು ಆಕೆಯ ಮುಂದಿನ ಕೋಣೆಯಲ್ಲಿ ಟ್ಯೂಷನ್ ಹೇಳುತ್ತಿದ್ದೆ. ಬಾಗಿಲಲ್ಲಿ ನೆರಳಾಯಿತು. ಅಪ್ಪ. ಬೀಗರ ಊರಿಗೆ ಹೊರಟವನಂತೆ ಇಸ್ತ್ರಿ ಮಾಡಿದ ಧೋತರ, ಕೋಟು, ಟೊಪ್ಪಿಗೆ. ಅತ್ತೆ ಒಳಗಿನಿಂದ ಬಂದು ನೋಡಿ ನಿಂತಳು. ಅಪ್ಪ ನನ್ನ ಹಲಗೆಯ ಮೇಲಿನ ಲೆಕ್ಕವನ್ನೇ ದಿಟ್ಟಿಸಿದ.

“ಪಂಚಮಿ ಬಂತಲ್ಲ,” ಎಂದ. “ಕರಿಯಾಕ ಬಂದೇನಿ.”

ಅತ್ತೆ ಬೆಂಚಿನ ತುದಿಯಲ್ಲಿದ್ದ ಪುಸ್ತಕಗಳನ್ನು ಸರಿಸಿ ಜಾಗ ಮಾಡಿದಳು. ಆಮೇಲೆ, “ಕುಂಡ್ರು ಅಣ್ಣಾ, ಚಾ ಕುಡದ ಹೋಗೂಣು” ಎಂದಳು. ಅಪ್ಪ ಹುಡುಗರ ಬೆಂಚಿನ ತುದಿಗೆ ಕುಳಿತು ಚಹಾ ಕುಡಿದ. ಆಕೆ ಒಳಗೆ ಹೋಗಿ ಸೀರೆ ಬದಲಿಸಿ, ಕೈಯಲ್ಲೊಂದು ಬಟ್ಟೆಯ ಚೀಲ ಹಿಡಿದು ಬಂದಳು. ಐದು ದಿನದ ಬಟ್ಟೆ ಇರಬೇಕು, ಚೀಲ ದಪ್ಪಗಿತ್ತು.

“ನಾಕ ಮನಿ ದಾಟಾಕ ಚೀಲಾ ಯಾಕ?” ಎಂದ ಅಪ್ಪ.

“ತವರಮನಿಗೆ ಹೊಂಟೇನಿ,” ಎಂದಳು.

ಅಪ್ಪ ಎದ್ದು ಆಕೆಯ ಕೈಯಿಂದ ಚೀಲ ಇಸಿದುಕೊಂಡ. ಆಕೆ ಬಾಗಿಲಿಗೆ ಕೀಲಿ ಹಾಕಬೇಕೆಂದು ನಾನು ಹುಡುಗರನ್ನು ಮನೆಗೆ ಕಳಿಸಿ ಹಿಂದೆ ಹೊರಟೆ. ಇಬ್ಬರೂ ಮುಂದೆ, ಓಣಿಯವರೆಲ್ಲ ನೋಡುವಂತೆ ನಡುಹಾದಿಯಲ್ಲೇ ನಡೆದರು.

ನಮ್ಮ ಮನೆಯ ಕಟ್ಟೆಯ ಹತ್ತಿರ ಅವ್ವ ತಂಬಿಗೆ ಹಿಡಿದು ನಿಂತಿದ್ದಳು, ಕಾಲಿಗೆ ನೀರು ಕೊಡಲು. ಬಂದವರಿಗೆಲ್ಲ ಕಾಲಿಗೆ ನೀರು ಕೊಡುವುದು ನಮ್ಮ ಮನೆಯಲ್ಲಿ ಯಾವತ್ತೂ ಅತ್ತೆಯ ಕೆಲಸ. ತಂಬಿಗೆ ಇಸಿದುಕೊಂಡ ಅತ್ತೆ ಅಭ್ಯಾಸಬಲದಿಂದ ಹಿಂದೆ ತಿರುಗಿ, ಯಾರು ಬಂದರೆಂದು ಹಾದಿ ನೋಡಿದಳು. ಹಿಂದೆ ನಾನೊಬ್ಬನೇ ಇದ್ದೆ.

“ನೀರು ನಿನಗ,” ಎಂದಳು ಅವ್ವ. “ಕಾಲ ತೊಳಕೋ, ಒಳಗ ಬಾ.”